ಮೇಷ್ಟ್ರುಗಳಿಗಾಗಿ ಜಾಲತಾಣ: ನುಡಿ ಫೈಲಿನಿಂದ ಹುಡುಕಿದರೆ ಸಿಗುವ ಪುಟದವರೆಗೆ

ಸರ್ಕಾರಿ ಶಾಲೆಯ ಶಿಕ್ಷಕರಿಗೆ ಕಾಗದಗಳ ಕೊರತೆಯೇನೂ ಇಲ್ಲ. ಪಾಠಯೋಜನೆ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಕಿರುಪರೀಕ್ಷೆ) ಪ್ರಶ್ನೆಪತ್ರಿಕೆ, ಚಟುವಟಿಕೆ ಆಧಾರಿತ ನಲಿ-ಕಲಿ ಪದ್ಧತಿಯ ಅಭ್ಯಾಸ ಹಾಳೆ, ರಜೆಯ ಸುತ್ತೋಲೆ, ವರ್ಗಾವಣೆಯ ಆದೇಶ ಎಲ್ಲವೂ ವಾಟ್ಸಾಪ್ ಗುಂಪುಗಳಿಗೆ ಬಂದು ಬೀಳುತ್ತವೆ. ಆರು ತಿಂಗಳು ಬಿಟ್ಟು ಹುಡುಕಿದರೆ ಒಂದೂ ಕೈಗೆ ಸಿಗುವುದಿಲ್ಲ. ಬಿಡುವಿನಲ್ಲಿ ಸಹೋದ್ಯೋಗಿಗಳಿಗಾಗಿ ತಾಣ ನಡೆಸುವವರು ತುಂಬಬೇಕಾದ ಕೊರತೆ ಇದೇ. ತಾಣದ ಅಂದಚಂದಕ್ಕೆ ಕೊಡುವ ಸಮಯದ ಬಹುಪಾಲನ್ನು ಅಕ್ಷರ ಸರಿಪಡಿಸಲು ಕೊಟ್ಟರೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಶಿಕ್ಷಕರು ಕಳಿಸುವ ವರ್ಡ್ ಫೈಲುಗಳಲ್ಲಿ ಇವತ್ತಿಗೂ ಬಹಳಷ್ಟು ನುಡಿ ತಂತ್ರಾಂಶದ ‘ನುಡಿ 01 ಇ’ ಎಂಬ ಹಳೆಯ ಅಕ್ಷರಶೈಲಿಯಲ್ಲಿರುತ್ತವೆ. ಪರದೆಯ ಮೇಲೆ ಕನ್ನಡ ಕಂಡರೂ ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಹಾಗೇ ಏರಿಸಿದರೆ ಮೊಬೈಲಿನಲ್ಲಿ ಗೋಜಲಾಗಿ ಕಾಣುತ್ತದೆ, ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಪಿಡಿಎಫ್ ಮಾಡಿಬಿಟ್ಟರೆ ಓದಲು ಬರುತ್ತದೆ, ಆದರೆ ಹುಡುಕಾಟಕ್ಕೆ ಆಗಲೂ ಸಿಗುವುದಿಲ್ಲ, ನಕಲು ಮಾಡಿ ತಿದ್ದಿಕೊಳ್ಳಲೂ ಬರುವುದಿಲ್ಲ. ಆದ್ದರಿಂದ ಮೊದಲು ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ ವ್ಯವಸ್ಥೆಯಾದ ಯುನಿಕೋಡ್‌ಗೆ ಪರಿವರ್ತಿಸಬೇಕು.

ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ, ಎಡವುವುದು ಅರ್ಕಾವತ್ತಿನಲ್ಲಿ. ನುಡಿಯ ಹಳೆಯ ವಿಧಾನದಲ್ಲಿ ಅರ್ಕಾವತ್ತು ವ್ಯಂಜನದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲೇ ಬರಬೇಕು. ಈ ಸ್ಥಾನ ಬದಲಾವಣೆ ತಪ್ಪಿದರೆ ‘ವರ್ಷ’ ಹೋಗಿ ‘ವಷರ್’, ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ. ಪರಿವರ್ತಿಸಿದ ಕೂಡಲೇ ಕಡತದಲ್ಲಿ ‘ರ್’ ಎಂದು ಹುಡುಕಿ ಒಂದೊಂದನ್ನೂ ನೋಡಿ. ಇಪ್ಪತ್ತು ಪುಟದ ಪಾಠಯೋಜನೆಗೆ ಇದು ಬೇಸರದ ಕೆಲಸ, ಆದರೂ ಬಿಡಬೇಡಿ. ಆ ಹಾಳೆ ಕೊನೆಗೆ ಮಕ್ಕಳ ಕೈಗೆ ಹೋಗುತ್ತದೆ.

ಗಣಿತ, ವಿಜ್ಞಾನದ ಕಡತಗಳಲ್ಲಿ ಇನ್ನೊಂದು ತೊಡಕಿದೆ. ಇಡೀ ಪುಟವನ್ನು ಒಟ್ಟಿಗೆ ಹಾಕಿದರೆ ಸೂತ್ರಗಳಲ್ಲಿರುವ ಇಂಗ್ಲಿಷ್ ಅಕ್ಷರಗಳೂ ಕನ್ನಡವಾಗಿ ಹಾಳಾಗುತ್ತವೆ. ಕನ್ನಡದ ಪ್ಯಾರಾಗಳನ್ನು ಮಾತ್ರ ಆಯ್ದು ಪರಿವರ್ತಿಸಿ, ಸೂತ್ರಗಳನ್ನು ಮೂಲದಿಂದ ಹಾಗೇ ತಂದು ಅಂಟಿಸಿ.

ಕಣ್ಣಿಗೆ ಬೀಳದ ತಪ್ಪೂ ಒಂದಿದೆ: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ಅಂಕ’ ಮತ್ತು ‘ಅ೦ಕ’ ಎರಡೂ ಒಂದೇ ಥರ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಬೇರೆಬೇರೆ ಪದಗಳು. ‘ಅಂಕಪಟ್ಟಿ’ ಎಂದು ಹುಡುಕಿದವರಿಗೆ ಎರಡನೆಯದು ಸಿಗದೇ ಹೋಗಬಹುದು. ಕಡತದಲ್ಲಿ ಕನ್ನಡ ಅಂಕಿಗಳನ್ನು ಬಳಸಿಲ್ಲವಾದರೆ ಸೊನ್ನೆಯನ್ನೆಲ್ಲ ಒಂದೇ ಸಲಕ್ಕೆ ಅನುಸ್ವಾರಕ್ಕೆ ಬದಲಿಸಿ. ಬಳಸಿದ್ದರೆ ಒಂದೊಂದಾಗಿ ನೋಡಿ ಬದಲಿಸದೆ ಗತಿಯಿಲ್ಲ.

ಕಡತದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿಯೇ ಇಡಿ. ಹೀಗೆ ಹೇಳಲು ಮನಸ್ಸಿಗೆ ಹಿತವಿಲ್ಲ, ಕಾರಣ ಮಾತ್ರ ಗಟ್ಟಿ. ಕಡತದ ಹೆಸರು ಸೇರುವ ಕೊಂಡಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ (ಅಕ್ಷರ ಅಥವಾ ಗುಣಿತದ ಚಿಹ್ನೆ) ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಕಲಿಕೆ’ ಎಂಬಷ್ಟರಲ್ಲೇ ಐದು ಸಂಕೇತ, ಅಂದರೆ 45 ಚಿಹ್ನೆ. ವಾಟ್ಸಾಪ್‌ನಲ್ಲಿ ಅಂಟಿಸಿದಾಗ ಅರ್ಧ ಪರದೆ ತುಂಬುತ್ತದೆ, ಎಲ್ಲೋ ತುಂಡಾಗಿ ಪುಟ ತೆರೆಯದೇ ಹೋಗುವುದೂ ಉಂಟು. ದಿನಾಂಕವನ್ನು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಮೊದಲಿಗೆ ಬರೆದರೆ ಕಡತಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಸುತ್ತೋಲೆಗಳನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ಹಾಕಿದರೆ ಪುಟವೊಂದಕ್ಕೆ ಮೂರು ನಾಲ್ಕು ಎಂಬಿ. ಕಪ್ಪು-ಬಿಳುಪಿನಲ್ಲಿ 200 ಡಿಪಿಐ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿದರೆ ಹತ್ತು ಪುಟ ಸೇರಿ ಒಂದು ಎಂಬಿ ಆಸುಪಾಸಿಗೆ ಬರುತ್ತದೆ. ಸ್ಕ್ಯಾನ್ ಮಾಡಿದ್ದು ಬರೀ ಚಿತ್ರವಾದ್ದರಿಂದ ಸುತ್ತೋಲೆಯ ಸಂಖ್ಯೆ, ದಿನಾಂಕ, ‘ವಿಷಯ’ದ ಸಾಲು ಇಷ್ಟನ್ನಾದರೂ ಪುಟದಲ್ಲಿ ಟೈಪ್ ಮಾಡಿ. ಅದರ ಕೆಳಗೆ ‘ಜಾರಿಯಲ್ಲಿದೆ’, ‘ತಿದ್ದುಪಡಿಯಾಗಿದೆ’, ‘ರದ್ದಾಗಿದೆ’ ಎಂಬ ಮೂರರಲ್ಲಿ ಒಂದನ್ನು ಬರೆದು, ಹೊಸ ಆದೇಶಕ್ಕೆ ಕೊಂಡಿ ಕೊಡಿ. ರದ್ದಾದ ಸುತ್ತೋಲೆಯನ್ನು ನಂಬಿ ಒಬ್ಬರು ರಜೆ ಅರ್ಜಿ ಕೊಟ್ಟರೆ ತೊಂದರೆ ಅನುಭವಿಸುವವರು ಅವರು. ಹೊಸ ಆದೇಶದ ‘ಉಲ್ಲೇಖ’ ಅಥವಾ ‘ಓದಲಾಗಿದೆ’ ಭಾಗದಲ್ಲಿ ಹಳೆಯವುಗಳ ಸಂಖ್ಯೆ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅದನ್ನು ಹಿಡಿದು ಹಿಂದಕ್ಕೆ ಹೋಗಿ ಹಳೆಯ ಪುಟಗಳನ್ನು ತಿದ್ದಿ.

ಮಕ್ಕಳ ಹೆಸರು, ಸ್ಯಾಟ್ಸ್ ಸಂಖ್ಯೆ (ವಿದ್ಯಾರ್ಥಿಯ ಸರ್ಕಾರಿ ಗುರುತಿನ ಸಂಖ್ಯೆ), ಶಿಕ್ಷಕರ ಆಧಾರ್, ಬ್ಯಾಂಕ್ ಖಾತೆ ಇರುವ ಪಟ್ಟಿಗಳನ್ನು ಹಾಕಲೇಬೇಡಿ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಅಡಗುವುದಿಲ್ಲ, ಅಡಿಯ ಅಕ್ಷರ ಹಾಗೇ ಇರುತ್ತದೆ, ನಕಲು ಮಾಡಿದರೆ ಹೊರಬರುತ್ತದೆ. ಮರೆಮಾಡಲೇಬೇಕಿದ್ದರೆ ಕಪ್ಪು ಹಾಕಿದ ಪುಟವನ್ನು ಚಿತ್ರವಾಗಿಸಿ, ಅದರಿಂದ ಹೊಸ ಪಿಡಿಎಫ್ ಮಾಡಿ. ಕಚೇರಿಯ ಟಿಪ್ಪಣಿ ಹಾಳೆ, ಸಹಿಯಾಗದ ಕರಡು ನಿಮ್ಮ ಕೈಗೆ ಬಂದರೂ ಅಲ್ಲೇ ನಿಲ್ಲಲಿ. ಜಾಹೀರಾತೂ ಬೇಡ. ಸರ್ಕಾರಿ ನೌಕರರ ನಡತೆ ನಿಯಮಗಳಡಿ ಅನುಮತಿಯಿಲ್ಲದ ಆದಾಯ ಪ್ರಶ್ನೆಗೆ ಒಳಗಾಗುತ್ತದೆ.

ಕಡತಗಳನ್ನು ಗೂಗಲ್ ಡ್ರೈವ್‌ನಲ್ಲಿಟ್ಟು ಕೊಂಡಿ ಮಾತ್ರ ಕೊಡುವ ರೂಢಿ ಸುಲಭ, ಆದರೆ ವರ್ಗಾವಣೆ ಪಟ್ಟಿ ಬಂದ ದಿನ ಸಾವಿರಾರು ಜನ ಒಟ್ಟಿಗೆ ತೆರೆದರೆ ಮಿತಿ ಮೀರಿ ಡೌನ್‌ಲೋಡ್ ನಿಲ್ಲಬಹುದು. ಸರಳ ಎಚ್‌ಟಿಎಂಎಲ್ ಪುಟ, ಅದರ ಪಕ್ಕದಲ್ಲೇ ಕಡತ, ಇಷ್ಟಿದ್ದರೆ ಅಗ್ಗದ ಹೋಸ್ಟಿಂಗ್ ಕೂಡ ತಡೆದುಕೊಳ್ಳುತ್ತದೆ. ಡೊಮೇನ್ (ತಾಣದ ವಿಳಾಸದ ಹೆಸರು) ನವೀಕರಣವನ್ನು ಕಾರ್ಡಿನ ಸ್ವಯಂ ಪಾವತಿಗೆ ಬಿಡಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಇದಕ್ಕೆ ಮೊದಲೇ ಒಪ್ಪಿಗೆ ದಾಖಲಾಗಿರಬೇಕು, ಇಲ್ಲವಾದರೆ ಪಾವತಿ ವಿಫಲವಾಗಿ ಹೆಸರೇ ಕೈತಪ್ಪಬಹುದು. ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿ, ಪಾಸ್‌ವರ್ಡನ್ನು ಇನ್ನೊಬ್ಬ ಶಿಕ್ಷಕರಿಗೂ ಕೊಟ್ಟಿರಿ. ಬೇಸಿಗೆ ರಜೆಯಲ್ಲಿ, ಶಾಲೆ ತೆರೆಯುವ ಮುನ್ನ, ಪ್ರತಿ ಕೊಂಡಿಯನ್ನೂ ಒತ್ತಿ ನೋಡಿ ಇಡೀ ತಾಣದ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ.