ಅಳಿಸಿದ್ದು ಸಿಕ್ಕಿತು, ಅರ್ಧಂಬರ್ಧ

"ಮಾಮಾ, ಭಾಳ ಕಸ ತುಂಬಿತ್ತು, ಎಲ್ಲಾ ತಗದೀನಿ" ಅಂದ ಅಕ್ಕನ ಮಗ. ಕಸ ಅಂದರೆ ನಾನು ಕಂಪ್ಯೂಟರ್‌ನಲ್ಲಿ ವರ್ಷಗಟ್ಟಲೆ ಬರೆದಿಟ್ಟ ಫೋಲ್ಡರ್! ರೀಸೈಕಲ್ ಬಿನ್ ಕೂಡ ಖಾಲಿ.

ಹುಬ್ಬಳ್ಳಿಯ ರಿಪೇರಿ ಅಂಗಡಿಯವರು ಮೊದಲು ಕೇಳಿದ್ದು ಒಂದೇ: "ಅಳಿಸಿದ ಮ್ಯಾಲೆ ಏನಾರ ಕಾಪಿ ಮಾಡೀರೇನ್ರಿ?" ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಡಿಲೀಟ್ ಆದ ಫೈಲ್ ಕೂಡಲೇ ಹೋಗಿಬಿಡಲ್ಲವಂತೆ. ಆ ಜಾಗ ಖಾಲಿ ಅಂತ ಗುರುತಾಗುತ್ತೆ ಅಷ್ಟೇ. ಹೊಸದೇನಾದರೂ ಅದರ ಮೇಲೆ ಕೂತರೆ ಮಾತ್ರ ಕಥೆ ಮುಗಿಯಿತು. ಎಸ್‌ಎಸ್‌ಡಿ, ಅಂದರೆ ಚಿಪ್‌ನಲ್ಲಿ ಉಳಿಸೋ ಹೊಸ ನಮೂನೆ ಡಿಸ್ಕ್ ಆಗಿದ್ದರೆ, ಖಾಲಿ ಜಾಗ ತೆರವು ಮಾಡಿಸೋ ಟ್ರಿಮ್ ಅನ್ನೋ ಏರ್ಪಾಡು ಬೇಗನೇ ಒರೆಸಿಹಾಕುತ್ತೆ, ಆಸೆ ಕಡಿಮೆ. ನನ್ನದು ಹಳೇ ಡಬ್ಬಾ, ಬಚಾವ್!

ಸಂಜೆಗೆ ಸುಮಾರು ಬರಹ ಸಿಕ್ಕವು. ಹೆಸರು ಮಾತ್ರ ಮಾಯ, ಬರೀ ನಂಬರು. ಕೆಲವು ತೆರೆದರೆ ಸಾಲುಸಾಲು ಚೌಕಗಳು. ಉಳಿದಿದ್ದು ಗೆಳೆಯರಿಗೆ ಹಿಂದೆ ಕಳಿಸಿದ್ದ ಮೇಲ್‌ಗಳಲ್ಲಿ ಸಿಕ್ಕಿತು.

ಆಗ 1880ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದ ಫ.ಗು. ಹಳಕಟ್ಟಿಯವರು ನೆನಪಾದರು. ಊರೂರು ಅಲೆದು ತಾಳೆಗರಿ ಕಟ್ಟು ಕೂಡಿಸಿ ವಚನ ಉಳಿಸಿದವರು. ಯಾರದೋ ಮನೆಯಲ್ಲಿ ಒಂದು ಪ್ರತಿ ಇತ್ತು, ಅದಕ್ಕೇ ಸಿಕ್ಕವು ಅಲ್ವಾ?

ಅಂದಹಾಗೆ, ಲಕ್ಕುಂಡಿ ಬಾವಿಗಳ ಬಗ್ಗೆ ಬರೆದದ್ದು ಇನ್ನೂ ಸಿಕ್ಕಿಲ್ಲ. ಯಾರ ಹತ್ತಿರ ಇದ್ದರೂ ಕಳಿಸ್ರಿ.