ಕೈಯಳತೆಯ ಜಗಳಕ್ಕೆ ಚೀನದ ಯಾವ ವರಸೆ?

‘ನಾನ್ ಚ್ವಾನ್, ಬೈ ತ್ವೇ’ ಅಂತ ಚೀನದಲ್ಲೊಂದು ಮಾತಿದೆ. ದಕ್ಷಿಣದವರದು ಮುಷ್ಟಿ, ಉತ್ತರದವರದು ಕಾಲು. ಕೇಳಲು ಚೆಂದ, ಆದರೆ ಅರ್ಧ ಸತ್ಯ. ಉತ್ತರದ ಹೆಬೈ ಪ್ರಾಂತ್ಯದ ಬಾಜಿ ಮೊಣಕೈ, ಭುಜಗಳಿಂದ ನುಗ್ಗಿ ಹೊಡೆಯುವ ವರಸೆ. ಉತ್ತರದ್ದೇ ಇನ್ನೊಂದು ವರಸೆ ಶಿಂಗ್‌ಯಿಯಲ್ಲಿ ಕಾಲು ಸೊಂಟದ ಮೇಲೆ ಏಳುವುದೇ ಅಪರೂಪ. ಆತ್ಮರಕ್ಷಣೆಗೆ ಕಲಿಯುವವರು ಪ್ರಾಂತ್ಯ ನೋಡುವ ಮೊದಲು ಅಂತರ ನೋಡಬೇಕು. ಬೀದಿಯಲ್ಲಿ ಎದುರಾಳಿ ಬೈಯುತ್ತಾ ಕೈಯಳತೆಗೆ ಬಂದ ಮೇಲೆ ಕೊರಳಪಟ್ಟಿ ಹಿಡಿಯುತ್ತಾನೆ, ಇಲ್ಲವೇ ಬಲಗೈ ಬೀಸುತ್ತಾನೆ. ಎತ್ತರದ ಒದೆತಕ್ಕೆ ಅಲ್ಲಿ ಜಾಗವೂ ಇರುವುದಿಲ್ಲ, ಕಾಲಿಗೆ ಸರಿಯಾದ ನೆಲವೂ ಇರುವುದಿಲ್ಲ. ಹಾಗಾಗಿ ಎತ್ತರದ ಒದೆತಗಳಿಗೆ ಹೆಸರಾದ ಉತ್ತರದ ವರಸೆ ಛಾಂಗ್‌ಚ್ವಾನ್ ಮೈ ಬಗ್ಗಿಸಲು, ಉಸಿರು ಬೆಳೆಸಲು ಒಳ್ಳೆಯದು, ಅಷ್ಟೇ.

ಈ ಅಂತರಕ್ಕೆಂದೇ ಬೆಳೆದದ್ದು ದಕ್ಷಿಣದ ಗ್ವಾಂಗ್‌ಡಾಂಗ್‌ನ ಫೋಶಾನ್‌ನಲ್ಲಿ ಹೆಸರಾದ ವಿಂಗ್ ಚುನ್. ಮೊಣಕೈ ಒಳಗೆ, ಮುಷ್ಟಿ ನೆಟ್ಟಗೆ, ಕೆಳಗಿನ ಮೂರು ಗೆಣ್ಣುಗಳಿಂದ ಪೆಟ್ಟು. ಒಂದು ಕೈ ಹಿಂದೆ ಬರುವಷ್ಟರಲ್ಲಿ ಇನ್ನೊಂದು ಎದುರಾಳಿಯ ಮುಖದ ಮೇಲಿರಬೇಕು. ಕೆಡುವುದು ಎಲ್ಲಿ? ಕಲಿಯುವವನ ಗದ್ದ ಮೇಲಿರುತ್ತದೆ, ಭಾರ ಹಿಮ್ಮಡಿಯಲ್ಲಿರುತ್ತದೆ, ಗುದ್ದಿನಲ್ಲಿ ಬರೀ ತೋಳಿರುತ್ತದೆ. ಕೈಗಳೆರಡೂ ಮೈಯ ನಡುಗೆರೆಯಲ್ಲೇ ಇರುವಾಗ ಹೊರಗಿನಿಂದ ಬೀಸಿದ ಏಟು ಸೀದಾ ಕಿವಿಗೆ ಬೀಳುತ್ತದೆ. ಇದರ ಚಿ ಸಾವ್ ಎಂಬ ಜೋಡಿ ಅಭ್ಯಾಸದಲ್ಲಿ ಇಬ್ಬರ ಮುಂಗೈಗಳೂ ಮೊದಲೇ ಅಂಟಿಕೊಂಡಿರುತ್ತವೆ. ರಸ್ತೆಯಲ್ಲಿ ಯಾರೂ ಹಾಗೆ ಕೈ ಕೊಟ್ಟು ನಿಲ್ಲುವುದಿಲ್ಲ. ಪರಿಹಾರ ಸರಳ: ಜೊತೆಗಾರ 16 ಔನ್ಸ್ ಗ್ಲೌಸ್ ಹಾಕಿ 2 ನಿಮಿಷ ಬರೀ ಹುಕ್, ಅಂದರೆ ಪಕ್ಕದಿಂದ ಬರುವ ಗುದ್ದು, ಬೀಸಲಿ. ನೀವು ಗದ್ದ ಇಳಿಸಿ, ಮಡಿಸಿದ ಮೊಣಕೈಯಿಂದ ಕಿವಿ ಮುಚ್ಚಿ, ಹಿಂದೆ ಸರಿಯದೆ ಒಳಗೆ ಹೆಜ್ಜೆ ಇಡಿ.

ದಕ್ಷಿಣದ್ದೇ ಆದ ಚೋಯ್ ಲಿ ಫಟ್ ಅನ್ನು ಚಾನ್ ಹ್ಯೂಂಗ್ 1836ರಲ್ಲಿ ಕಟ್ಟಿದರು. ಇದರ ಬೀಸುಗೈ ಏಟುಗಳು ಗಾಬರಿಯಲ್ಲೂ ನೆನಪಿಗೆ ಬರುತ್ತವೆ, ಅದೇ ಅದರ ಬಲ. ಬೀಸಿದಾಗ ಪಕ್ಕೆ ತೆರೆದುಕೊಳ್ಳುತ್ತದೆ, ಅದೇ ಬೆಲೆ.

ಒಂದೇ ಒಂದು ಗುದ್ದು ಕಲಿಯುವುದಾದರೆ ಶಿಂಗ್‌ಯಿಯ ಬೆಂಗ್ ಚ್ವಾನ್ ಕಲಿಯಿರಿ. ಮುಂಗಾಲು ಮುನ್ನುಗ್ಗುತ್ತದೆ, ಹಿಂಗಾಲು ಅರ್ಧ ಹೆಜ್ಜೆ ಎಳೆದುಕೊಂಡು ಬರುತ್ತದೆ. ಅದು ನೆಲ ತಾಕುವ ಹೊತ್ತಿಗೇ ಮುಷ್ಟಿ ಹೊಟ್ಟೆಗೆ ಮುಟ್ಟಬೇಕು. ಮುಷ್ಟಿ ಮೊದಲು ಬಂದು ಕಾಲು ಆಮೇಲೆ ಬಂದರೆ ಮೈಭಾರ ಪೆಟ್ಟಿಗೆ ಸೇರುವುದಿಲ್ಲ. ತಿಂಗಳುಗಟ್ಟಲೆ ತಿದ್ದಬೇಕಾದ ತಪ್ಪು ಇದು.

ಆದರೂ ಮೊದಲ ಆಯ್ಕೆ ಯಾವುದು ಅಂದರೆ ಬೀಜಿಂಗ್, ಟಿಯಾಂಜಿನ್, ಬಾವೊಡಿಂಗ್‌ಗಳ ಕುಸ್ತಿ, ಶ್ವಾಯ್ ಜಿಯಾವ್. ಪಾದ ಬಿಟ್ಟು ಮೈಯ ಬೇರೆ ಯಾವ ಭಾಗ ನೆಲ ಮುಟ್ಟಿದರೂ ಸೋತಂತೆ. ನಮ್ಮ ಗರಡಿಯ ಹಾಗೆ ಬೆನ್ನು ಹತ್ತಿಸಿ ಚಿತ್ ಮಾಡುವವರೆಗೆ ಕಾಯುವುದಿಲ್ಲ. ಕೆಡವಿ ತಾನು ನಿಂತೇ ಇರುವುದನ್ನು ಇದು ಕಲಿಸುತ್ತದೆ, ಓಡಿಹೋಗಬೇಕಾದವನಿಗೆ ಬೇಕಾದದ್ದೂ ಅದೇ. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ಎದುರಿನವನು ಮೊದಲ ವಾರದಿಂದಲೇ ನಿಜವಾಗಿ ತಡೆಯುತ್ತಾನೆ. ಒಂದೇ ಎಚ್ಚರ: ಅಭ್ಯಾಸವೆಲ್ಲ ದಪ್ಪ ಹತ್ತಿಯ ಅಂಗಿ ಹಿಡಿದು. ಟೀ ಶರ್ಟ್ ಹಿಡಿದರೆ ಹರಿದು ಕೈಗೆ ಬರುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಅಂಗಿ ಬಿಟ್ಟು ಕತ್ತಿನ ಹಿಂಭಾಗ, ಮೊಣಕೈಯ ಮೇಲ್ಭಾಗ, ಮಣಿಕಟ್ಟು ಇವಿಷ್ಟನ್ನೇ ಹಿಡಿದು ಅದೇ ಪಟ್ಟು ಹಾಕಿ ನೋಡಿ.