ಕಿರುಬೆರಳು ಜೋಮು ಹಿಡಿದ ಮೇಲೆ

ಈ ಸೀಸನ್ನಿನ 400 ಕಿಲೋಮೀಟರ್ ಸೈಕಲ್ ರೈಡ್‌ಗೆ ನಾನು ಹೋಗುತ್ತಿಲ್ಲ. 600ಕ್ಕೂ ಇಲ್ಲ. ಜೊತೆಗೆ ಸೈಕಲ್ ಹೊಡೆಯುವವರಿಗೆ ಹೇಳಿಯಾಯಿತು, ಇನ್ನು ಇಲ್ಲಿ ಬರೆಯುತ್ತಿದ್ದೇನೆ.

ನವೆಂಬರಿನಿಂದ ಮುಂದಿನ ಅಕ್ಟೋಬರ್ ಒಳಗೆ 200, 300, 400, 600 ಕಿಲೋಮೀಟರಿನ ನಾಲ್ಕು ರೈಡನ್ನೂ ಮುಗಿಸಿದವರಿಗೆ ಸೂಪರ್ ರ‍್ಯಾಂಡನರ್ ಅನ್ನುತ್ತಾರೆ. ರೇಸ್ ಅಲ್ಲ, ಮೊದಲು ಬಂದವರಿಗೆ ಬಹುಮಾನವೂ ಇಲ್ಲ. ಆದರೆ 200ಕ್ಕೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ, ಊಟ, ನಿದ್ದೆ, ಪಂಕ್ಚರ್ ಎಲ್ಲ ಅದರೊಳಗೇ ಆಗಬೇಕು. ನನ್ನ ಕಣ್ಣು ಇದ್ದದ್ದು ಫ್ರಾನ್ಸಿನಲ್ಲಿ ನಡೆಯುವ ಇಂಥದ್ದೇ ದೊಡ್ಡ ರೈಡ್, 2027ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಮೇಲೆ. 1891ರಲ್ಲಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, 1200 ಕಿಲೋಮೀಟರಿಗೆ 90 ಗಂಟೆ. ಅಲ್ಲಿಗೆ ಹೋಗಲು ಅದೇ ವರ್ಷ ಆ ನಾಲ್ಕನ್ನೂ ಮತ್ತೆ ಮುಗಿಸಬೇಕು, ಹಾಗಾಗಿ ಈ ಸಲದ್ದು ನನಗೆ ತಯಾರಿ.

ಬೆಳಗಿನ ನಾಲ್ಕಕ್ಕೆ ಶಿವಮೊಗ್ಗ ಬಿಟ್ಟು, ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಹತ್ತಿರ ಬರುವಾಗ ತುಂಗೆಯ ಮೇಲೆ ಮಂಜು ಇರುತ್ತಿತ್ತು. ಆ ರಸ್ತೆ ನನಗೆ ತುಂಬಾ ಇಷ್ಟ. 200 ಮುಗಿಸಿದೆ, 300 ಕೂಡ ಮುಗಿಸಿದೆ. 300ರ ಕೊನೆಯಲ್ಲಿ ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಜೋಮು ಹಿಡಿದವು. ಕೈ ಕೊಡವಿದೆ, ಹೋಯಿತು. ಆಮೇಲೆ ಬಂದ ಜೋಮು ಮೂರು ದಿನ ಹೋಗಲಿಲ್ಲ, ಅದರ ಮುಂದಿನದ್ದು ಒಂದು ವಾರ. ದಪ್ಪ ಗ್ಲೌಸ್ ತಂದೆ, ಹ್ಯಾಂಡಲ್‌ಗೆ ಎರಡು ಸುತ್ತು ಟೇಪ್ ಸುತ್ತಿಸಿದೆ, ಹ್ಯಾಂಡಲ್ಲನ್ನೇ ಮೇಲಕ್ಕೆ ಏರಿಸಿಕೊಂಡೆ. ತಡ್ಕೋ, ಎಲ್ಲರಿಗೂ ಆಗುತ್ತೆ ಅಂತ ಹೇಳಿದವರೇ ಜಾಸ್ತಿ. ಕಾಲು ನೋವನ್ನು ತಡೆದುಕೊಳ್ಳಬಹುದು, ಎರಡು ದಿನದಲ್ಲಿ ಇಳಿಯುತ್ತದೆ. ಆದರೆ ಇದು ನೋವೇ ಅಲ್ಲ, ಬೆರಳೇ ಇಲ್ಲದ ಹಾಗೆ. ಇಲ್ಲದ್ದನ್ನು ತಡೆದುಕೊಳ್ಳುವುದು ಹೇಗೆ?

ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟಿ ಮತ್ತೆ ಹತ್ತೋಣ ಅಂತ ಒಂದು ಭಾನುವಾರ ಹೋದೆ. 14 ತಿರುವು. ಇಳಿಜಾರಿನಲ್ಲಿ ಮೈಭಾರ ಕೈ ಮೇಲೇ ಬೀಳುತ್ತದೆ ಅಲ್ವಾ, ಮೂರನೇ ತಿರುವಿಗೆ ಬರುವಷ್ಟರಲ್ಲಿ ಕೈ ಹ್ಯಾಂಡಲ್ ಹಿಡಿದಿದೆಯಾ ಇಲ್ಲವಾ ಅಂತ ನೋಡಿಯೇ ತಿಳಿದುಕೊಳ್ಳಬೇಕಾಯಿತು. ಎದುರಿಗೆ ಒಂದು ಬಸ್ಸು ಹತ್ತುತ್ತಿತ್ತು. ಏನೂ ಆಗಲಿಲ್ಲ. ಆದರೆ ಅಲ್ಲೇ ಇಳಿದು, ಸೈಕಲ್ ತಳ್ಳಿಕೊಂಡು ಮೇಲಕ್ಕೆ ವಾಪಸ್ ನಡೆದೆ.

ಅಷ್ಟಾದರೂ ಬಿಡುವ ಮನಸ್ಸು ಬಂದಿರಲಿಲ್ಲ. ಬಂದದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ಕೊನೆಯ ಕೊಯ್ಲಿನ ಅಡಿಕೆ ಸುಲಿಯುವಾಗ. ಹಸಿ ಅಡಿಕೆ ಹೆಚ್ಚು ದಿನ ಕಾಯುವುದಿಲ್ಲ, ಬೇಗ ಸುಲಿದು ಬೇಯಿಸಿ ಒಣಗಿಸಬೇಕು, ಹಾಗಾಗಿ ರಾತ್ರಿಯೂ ಎಲ್ಲರೂ ಕೂತಿದ್ದೆವು. ಚಿಕ್ಕಂದಿನಿಂದ ಮೆಟ್ಟುಗತ್ತಿ ಮುಂದೆ ಕೂತವನು ನಾನು. ಅವತ್ತು ಅಡಿಕೆ ಕೈಯಿಂದ ಜಾರಿತು, ಮತ್ತೆ ಜಾರಿತು, ಮೂರನೇ ಸಲ ಬೆರಳೇ ಕತ್ತಿಗೆ ತಾಗಿತು. ಕಿರುಬೆರಳಿನ ಬದಿ ಕುಯ್ದುಕೊಂಡಿದ್ದು ನನಗೆ ಗೊತ್ತಾಗಲಿಲ್ಲ. ರಕ್ತ ನೋಡಿದ್ದು ಅಪ್ಪಯ್ಯ. "ಮಗಾ, ನಿನಗೆ ಉರೀತಾ ಇಲ್ವಾ?" ಅಂದರು. ಇಲ್ಲ ಅಂದೆ. ಅವರು ಮತ್ತೇನೂ ಕೇಳದೆ ನನ್ನ ಮುಂದಿದ್ದ ರಾಶಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಶಿವಮೊಗ್ಗಕ್ಕೆ ಬಂದವನೇ ಡಾಕ್ಟರ್ ಹತ್ತಿರ ಹೋದೆ. ಮೊಣಕೈ ಏನಕ್ಕಾದರೂ ತಾಗಿದರೆ ಜುಮ್ ಅನ್ನುತ್ತದಲ್ಲ, ಅದೇ ಅಲ್ನಾರ್ ನರ, ಅಂಗೈ ಬುಡದಲ್ಲಿ ಹ್ಯಾಂಡಲ್‌ನ ಒತ್ತಡಕ್ಕೆ ಸಿಕ್ಕಿದೆಯಂತೆ. ಈಗ ಬಿಟ್ಟರೆ ಸರಿಹೋಗುವ ಸಾಧ್ಯತೆ ಜಾಸ್ತಿ, ಹೀಗೇ ಒತ್ತುತ್ತಾ ಹೋದರೆ ಕೈಯ ಸಣ್ಣ ಸ್ನಾಯುಗಳೂ ಸೊರಗಬಹುದು ಅಂದರು. ಎಷ್ಟು ತಿಂಗಳು ಅಂತ ಕೇಳಿದೆ. ಲೆಕ್ಕ ಹಾಕಿಕೊಂಡು ಬರಬೇಡಿ ಅಂದರು.

ಬೇಜಾರು ಆಗಿದೆ, ತುಂಬಾ. ನಾಲ್ಕಕ್ಕೆ ಈಗಲೂ ಎಚ್ಚರವಾಗುತ್ತದೆ.

ಜೊತೆಗೆ 300 ಹೊಡೆದ ಗೆಳೆಯ 400ಕ್ಕೆ ಹೋಗುತ್ತಿದ್ದಾನೆ. ನಿನ್ನೆ ಮನೆಗೆ ಬಂದಿದ್ದ, ನನ್ನ ಹೆಡ್‌ಲೈಟ್ ಬಿಚ್ಚಿ ಕೊಟ್ಟೆ. ಫುಲ್ ಬೆಳಕಿನಲ್ಲಿ ಇಟ್ಟರೆ ಬೆಳಗಿನ ತನಕ ಬರಲ್ಲ, ಊರುಗಳ ಒಳಗೆ ಕಡಿಮೆ ಮಾಡ್ಕೋ ಅಂತ ಹೇಳಿ ಕಳಿಸಿದ್ದೇನೆ.